ಮೂರನೇ ಪರೀಕ್ಷಕರ ಪಾಲು

"ಹೊರಗಿನ ಸಾಹೇಬ್ರು ಬರಲೇ ಇಲ್ಲಲ್ರಿ ಮೇಡಂ, ಅದಕ್ಕ ಅವರ ಪಾಲಿನ ಹಣ್ಣು ನನಗ ಕೊಟ್ಟಳು."

ಇಷ್ಟು ಹೇಳಿ ಲ್ಯಾಬಿನ ಅಟೆಂಡರ್ ಮಹಮ್ಮದ ಮತ್ತೆ ಗಾಜಿನ ನಳಿಕೆಗಳನ್ನು ತೊಳೆಯತೊಡಗಿದ. ನಾನು ಲ್ಯಾಬಿನ ಸ್ಟೂಲಿನಿಂದ ಏಳಲು ಹೊರಟವಳು ಮತ್ತೆ ಕೂತೆ.

"ಯಾವ ಹಣ್ಣು ಮಹಮ್ಮದ?"

"ಕೆಂಪು ಬಾಳಿ ಹಣ್ರಿ, ಕಮಲಾಪುರದ್ದು. ಮೂರು ಪ್ಲೇಟ್ ಹಚ್ಚಿದ್ಳು ಪಾಪ. ಒಂದೊಂದ್ರಾಗ ಎರಡು ಹಣ್ಣು, ಜರಾ ಅವಲಕ್ಕಿ ಚೂಡಾ. ಒಳಗಿನ ಇಬ್ಬರೂ ತಿಂದ್ರು. ಮೂರನೇ ಪ್ಲೇಟ್ ಹಂಗ ಉಳೀತು. 'ಚಾಚಾ, ಮನೀಗೆ ಒಯ್ರಿ, ಮಕ್ಕಳಿಗೆ ಕೊಡ್ರಿ' ಅಂದ್ಳು."

"ಯಾರು ಅಂದಿದ್ದು?"

"ಸೌಂದರ್ಯಾ ಬೇಟೀರಿ. ಮತ್ತ್ಯಾರು?"

ಹತ್ತೊಂಬತ್ತು ದಿನಗಳ ಹಿಂದೆ, ತನ್ನ ಕೊನೆಯ ಪರೀಕ್ಷೆಯ ದಿನವೇ, ತನ್ನ ಊರು ಕಮಲಾಪುರ ಇನ್ನೆರಡು ಕಿಲೋಮೀಟರ್ ಇರುವಾಗ ಲಾರಿಗೆ ಸಿಕ್ಕು ಸತ್ತ ಹುಡುಗಿ ಸೌಂದರ್ಯಾ. ಕಾಲೇಜಿನ ಕಡತದಲ್ಲಿ ಅಂದು ಅವಳ ಹೆಸರಿನ ಮುಂದೆ ಬರೆದಿರುವುದು ಒಂದೇ ಪದ: ಗೈರು. ಪರೀಕ್ಷೆಗೆ ಬಾರದ ಹುಡುಗಿ ಪರೀಕ್ಷಕರಿಗೆ ಫಲಾಹಾರ ಹೇಗೆ ಹಚ್ಚಿಟ್ಟಳು?

ಮೌಖಿಕ ಪರೀಕ್ಷೆಗೆ ಬಂದ ವಿದ್ಯಾರ್ಥಿ ಪರೀಕ್ಷಕರಿಗೆ ತಿನ್ನಲು ತರಬೇಕು ಅಂತ ಯಾವ ನಿಯಮದಲ್ಲೂ ಇಲ್ಲ. ಆದರೂ ನಾನು ಕೆಲಸ ಮಾಡಿದ ಮೂವತ್ನಾಲ್ಕು ವರ್ಷದಲ್ಲಿ ಬರಿಗೈಯಲ್ಲಿ ಬಂದವರನ್ನು ಕಾಣೆ. ಪೇಟೆಯ ಮಕ್ಕಳು ಸೇಡಂ ರಸ್ತೆಯ ಹೋಟೆಲಿಂದ ತರಿಸುತ್ತಾರೆ. ಹಳ್ಳಿಯ ಮಕ್ಕಳು ಮನೆಯಿಂದ ಹೊತ್ತು ತರುತ್ತಾರೆ. ಪೊಲೀಸರಿಗೆ ಈ ಪದ್ಧತಿ ಗೊತ್ತಿಲ್ಲ, ಗೊತ್ತಿದ್ದ ನಾನೂ ಇಷ್ಟು ದಿನ ಮಹಮ್ಮದನನ್ನು ಕೇಳದೆ ಕೂತಿದ್ದೆ. ನನ್ನ ತಲೆಗೆ ವಯಸ್ಸಾಗಿದೆ ಅಂತ ಒಪ್ಪಿಕೊಳ್ಳಲೇಬೇಕು.

"ಇದನ್ನ ಯಾರಿಗೂ ಯಾಕ ಹೇಳಲಿಲ್ಲ?"

"ಯಾರೂ ಕೇಳಲೇ ಇಲ್ಲಲ್ರಿ," ಅಂದ ಮಹಮ್ಮದ. ಅವನ ಕಣ್ಣು ತುಂಬಿತ್ತು. "ಆ ಹಣ್ಣು ನನ್ನ ಮಕ್ಕಳು ತಿನ್ನಾಕತ್ತಿದ್ವು ಮೇಡಂ, ಆವಾಗಲೇ ಫೋನ್ ಬಂತು, ಆಕಿ ಹೋದಳು ಅಂತ."

ನನ್ನ ಹೆಸರು ಸರಸ್ವತೀಬಾಯಿ. ಎರಡು ವರ್ಷದ ಹಿಂದಿನವರೆಗೆ ಕಲಬುರಗಿಯ ಇದೇ ಔಷಧ ವಿಜ್ಞಾನ ಕಾಲೇಜಿನ ಪರೀಕ್ಷಾ ವಿಭಾಗ ನೋಡಿಕೊಳ್ಳುತ್ತಿದ್ದೆ. ಈಗ ನಮ್ಮ ಬಡಾವಣೆ ಖೂಬಾ ಪ್ಲಾಟಿನ ಜನ ನನ್ನನ್ನು ಪತ್ತೇದಾರಿಣಿ ಅನ್ನುತ್ತಾರೆ. ನನಗೆ ಪಿಸ್ತೂಲು ಹಿಡಿಯಲು ಬಾರದು, ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತದೆ. ನನಗೆ ಬರುವುದು ಒಂದೇ, ಕಡತ ಓದುವುದು.

ಸೌಂದರ್ಯಾಳ ತಂದೆ ದೌಲಪ್ಪ ನನ್ನ ಮನೆಗೆ ಬಂದು, ಕುರ್ಚಿ ಕೊಟ್ಟರೂ ಕೂರದೆ, ಕೇಳಿದ್ದು ಒಂದೇ ಮಾತು. "ನನ್ನ ಮಗಳು ತಾನಾಗೇ ಲಾರಿಗೆ ಬಿದ್ದಳೇನ್ರಿ ಬಾಯಾರ?"

ಊರ ಬಾಯಿ ಹಾಗೆ ಹೇಳುತ್ತಿತ್ತು. ಪಂಚನಾಮೆಯ ಪ್ರಕಾರ ಅವಳ ಸ್ಕೂಟಿಯ ಮುಖ ಕಲಬುರಗಿಯ ಕಡೆಗಿತ್ತು. ಪರೀಕ್ಷೆಗೆ ಹೆದರಿ ಹೋಗಲಿಲ್ಲ, ಊರ ಸಮೀಪ ಬಂದಾಗ ಅಪ್ಪನಿಗೆ ಮುಖ ತೋರಿಸಲು ಧೈರ್ಯ ಸಾಲಲಿಲ್ಲ, ಗಾಡಿ ತಿರುಗಿಸಿ ಲಾರಿಗೆ ನುಗ್ಗಿಸಿದಳು. ಹೀಗೆ ಜನ ಕಥೆ ಕಟ್ಟಿ ಮುಗಿಸಿದ್ದರು. ಅವಳ ಫೋನು ಚಕ್ರದಡಿ ಪುಡಿಯಾಗಿತ್ತು. ಲಾರಿಯವನು ತನ್ನ ದಾರಿಯಲ್ಲೇ ಇದ್ದನೆಂದು ನೋಡಿದವರು ನಾಲ್ಕು ಮಂದಿ ಹೇಳಿದ್ದರು. ಉಳಿದಿದ್ದು ಒಂದು ಪ್ರಶ್ನೆ. ಅವಳು ಯಾಕೆ ತಿರುಗಿದಳು?

ಲ್ಯಾಬಿನಿಂದ ಕೆಳಗಿಳಿದು ಪರೀಕ್ಷಾ ವಿಭಾಗಕ್ಕೆ ಹೋದೆ. ನನ್ನ ಕುರ್ಚಿಯಲ್ಲಿ ಈಗ ಹೀನಾ ಕೂರುತ್ತಾಳೆ, ನಾನೇ ಕೆಲಸ ಕಲಿಸಿದ ಹುಡುಗಿ. ನನ್ನನ್ನು ನೋಡಿದವಳೇ ಒಂದು ಫೈಲು ತೆಗೆದು ಮೇಜಿನ ಮೇಲಿಟ್ಟು, "ಚಹಾ ತರ್ತೇನ್ರಿ ಮೇಡಂ," ಅಂತ ಹೊರಗೆ ಹೋದಳು. ನೋಡಿಕೊಳ್ಳಿ, ನಾನು ತೋರಿಸಿಲ್ಲ ಅಂತ ಅದರ ಅರ್ಥ. ಇದನ್ನೂ ನಾನೇ ಕಲಿಸಿದ್ದು.

ಫೈಲಿನ ಮೊದಲ ಹಾಳೆಯೇ ಪದವಿ ಪೂರ್ಣಗೊಳ್ಳಲು ಬೇಕಾದವುಗಳ ಪಟ್ಟಿ. ಸೌಂದರ್ಯಾಳದು ಪ್ರಬಂಧವಿಲ್ಲದ ಮಾಸ್ಟರ್ ಪದವಿ. ಲ್ಯಾಬಿನಲ್ಲಿ ದಿನವಿಡೀ ನಿಂತು ಸಂಶೋಧನೆ ಮಾಡುವವರದು ಒಂದು ದಾರಿ, ಪಾಠಗಳನ್ನು ಓದಿ ಪಾಸು ಮಾಡಿ ಗುರಿ ಮುಟ್ಟುವವರದು ಇನ್ನೊಂದು ದಾರಿ. ಮೊದಲನೆಯವರು ಎರಡನೆಯವರನ್ನು ಕಂಡರೆ ಮೂಗು ಮುರಿಯುತ್ತಾರೆ. ಆದರೆ ಬೆಳಿಗ್ಗೆಯಿಂದ ಮೆಡಿಕಲ್ ಅಂಗಡಿಯ ಕೌಂಟರಿನಲ್ಲಿ ನಿಂತು, ಸಂಜೆ ಪಾಠ ಕೇಳಿ, ಮೂವತ್ತೈದು ಕಿಲೋಮೀಟರ್ ಸ್ಕೂಟಿಯಲ್ಲಿ ಮನೆಗೆ ಹೋಗುವ ಹುಡುಗಿಗೆ ಬೇರೆ ದಾರಿ ಎಲ್ಲಿತ್ತು?

ಒಂದೊಂದು ಸಾಲಾಗಿ ಓದಿದೆ. ಕಡ್ಡಾಯ ವಿಷಯಗಳ ಕ್ರೆಡಿಟ್ಟು, ಪೂರ್ಣ. ಆಯ್ಕೆಯ ವಿಷಯಗಳು, ಪೂರ್ಣ. ಎರಡು ಸೆಮಿನಾರು, ಪೂರ್ಣ. ಪ್ರಬಂಧದ ಬದಲಿಗೆ ಬರೆಯಬೇಕಾದ ವರದಿ, ಸ್ವೀಕೃತ. ನಾಲ್ಕು ವರ್ಷದ ಗಡುವಿನೊಳಗೆ ಎಲ್ಲವೂ ಮುಗಿದಿದ್ದವು. ಕೊನೆಯ ಸಾಲಿನಲ್ಲಿ ಮೌಖಿಕ ಪರೀಕ್ಷೆ, ಮೂವರು ಪರೀಕ್ಷಕರ ಎದುರು. ಅದರ ಮುಂದೆ ಗೈರು.

ಆ ಹಾಳೆಯ ಹಿಂದೆ ಒಂದು ಅರ್ಜಿ ಇತ್ತು. 'ಅನಿವಾರ್ಯ ಕಾರಣಗಳಿಂದ ಮೌಖಿಕ ಪರೀಕ್ಷೆಗೆ ಹಾಜರಾಗಲು ಸಾಧ್ಯವಾಗದ ಕಾರಣ ದಯವಿಟ್ಟು ಮುಂದಿನ ಅವಕಾಶ ನೀಡಬೇಕೆಂದು ವಿನಂತಿ.' ಸೌಂದರ್ಯಾಳ ಹೆಸರು, ನೋಂದಣಿ ಸಂಖ್ಯೆ, ಹಿಂದಿನ ದಿನದ ತಾರೀಖು ಎಲ್ಲ ಟೈಪಾಗಿತ್ತು.

ಸಹಿಯ ಜಾಗ ಖಾಲಿ ಇತ್ತು.

ಆ ಅರ್ಜಿಯ ಒಂದೊಂದು ಪದವನ್ನೂ ನಾನು ಬಲ್ಲೆ. ಹನ್ನೊಂದು ವರ್ಷದ ಹಿಂದೆ ಅದನ್ನು ಬರೆದವಳು ನಾನೇ.

ಅಂದು ಒಬ್ಬ ವಿದ್ಯಾರ್ಥಿನಿಗೆ ಪರೀಕ್ಷೆಯ ಬಾಗಿಲಲ್ಲೇ ಗರ್ಭ ಜಾರಿತ್ತು. ನಪಾಸು ಅಂತ ಬರೆದರೆ ಅವಳಿಗಿದ್ದ ಎರಡು ಅವಕಾಶಗಳಲ್ಲಿ ಒಂದು ಹೋಗುತ್ತಿತ್ತು. ಮೊದಲೇ ಅರ್ಜಿ ಕೊಟ್ಟು ಗೈರಾದರೆ ಏನೂ ಹೋಗುತ್ತಿರಲಿಲ್ಲ. ನಾನು ಹಿಂದಿನ ದಿನದ ತಾರೀಖು ಹಾಕಿ ಅರ್ಜಿ ತಯಾರಿಸಿ ಆಸ್ಪತ್ರೆಗೇ ಹೋಗಿ ಸಹಿ ಹಾಕಿಸಿಕೊಂಡು ಬಂದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನನ್ನ ಜಾಣತನಕ್ಕೆ ನಾನೇ ಹಿಗ್ಗಿದ್ದೆ.

ಆಮೇಲೆ ಮಾಸ್ತರರು ಆ ಉಪಾಯ ಕಲಿತರು. ಪರೀಕ್ಷಕರು ಬಸ್ಸು ತಪ್ಪಿಸಿಕೊಂಡರೂ, ಅವರಿಗೆ ಪತ್ರ ಕಳಿಸಲು ತಾವೇ ಮರೆತರೂ, ಮಕ್ಕಳಿಂದ ಈ ಅರ್ಜಿಗೆ ಸಹಿ ಹಾಕಿಸುವುದು ಶುರುವಾಯಿತು. ನಾನು ನೋಡಿಯೂ ತಡೆಯಲಿಲ್ಲ, ಕೇಳಿದವರಿಗೆ ಹೇಳಿಯೂ ಕೊಟ್ಟೆ.

ವಿಠ್ಠಲ ತನ್ನ ಕೋಣೆಯಲ್ಲಿ ಒಬ್ಬನೇ ಇದ್ದ. ವಿಭಾಗದ ಮುಖ್ಯಸ್ಥ, ಸೌಂದರ್ಯಾಳ ಮಾರ್ಗದರ್ಶಿ, ಮೂವರು ಪರೀಕ್ಷಕರಲ್ಲಿ ಒಬ್ಬ. ಖೂಬಾ ಪ್ಲಾಟಿನಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆ. ಅವನ ತಾಯಿ ನನ್ನ ಗೆಳತಿ, ಹಾಗಾಗಿ ಚಡ್ಡಿ ಹಾಕುವ ಕಾಲದಿಂದ ನನ್ನನ್ನು ಮೌಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಾನೆ.

"ಬರ್ರಿ ಮೌಶಿ. ಚಹಾ?"

"ಬ್ಯಾಡ. ಕೆಂಪು ಬಾಳಿಹಣ್ಣು ಹ್ಯಾಂಗಿತ್ತು ವಿಠ್ಠಲ?"

ಅವನ ಮುಖ ನೋಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿದ್ದಾರಲ್ಲ, ಇವನು ತುಟಿ ಒರೆಸಿಕೊಂಡ.

"ಯಾವ ಹಣ್ಣು?"

"ಸೌಂದರ್ಯಾ ತಂದಿದ್ದು. ಎರಡು ಪ್ಲೇಟ್ ನೀವು ತಿಂದ್ರಿ. ಮೂರನೇದ್ದು ಮಹಮ್ಮದನ ಮನೀಗೆ ಹೋತು. ಆಕಿ ಬಂದಿದ್ಳು. ಪರೀಕ್ಷಾ ಕೊಟ್ಟಾಳ. ಹೊರಗಿನ ಪರೀಕ್ಷಕ ಬಂದಿಲ್ಲ. ಖರೆ ಹೌದೋ ಅಲ್ಲೋ?"

ವಿಠ್ಠಲ ಎದ್ದು ಬಾಗಿಲು ಮುಂದೆ ಮಾಡಿದ. ಮತ್ತೆ ಬಂದು ಕೂತಾಗ ಅವನ ದನಿ ಇಳಿದಿತ್ತು.

"ಹೌದು ಮೌಶಿ."

"ಮೊದಲಿಂದ ಹೇಳು."

"ಹೊರಗಿನವರು ಹೈದರಾಬಾದಿನಿಂದ ಬರೋರಿದ್ರು. ರೈಲು ತಪ್ಪಿತು, ಬಸ್ಸಿಗೆ ಬರ್ತೇನಿ, ನೀವು ಶುರು ಮಾಡ್ರಿ ಅಂದ್ರು. ಹತ್ತೂವರೆಗೆ ನಾವಿಬ್ಬರೇ ಶುರು ಮಾಡಿದ್ವಿ. ಹನ್ನೊಂದೂಕಾಲಿಗೆ ಮುಗೀತು. ಅವರು ಬಂದ ಮ್ಯಾಲ ಸಹಿ ಮಾಡ್ತಾರ, ಎಲ್ಲಾ ಕಡೆ ಹಂಗ ನಡೀತದ. ಆಕೀಗೆ ಪಾಸ್ ಅಂತ ಹೇಳಿ ಕಳಿಸಿಬಿಟ್ಟೆ."

"ಪಾಸ್ ಅಂದೀ?"

"ಅಂದೆ. ಕಾಲಿಗೆ ಬಿದ್ದಳು ಮೌಶಿ. ನಾ ಬ್ಯಾಡ ಅಂದ್ರೂ."

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಹನ್ನೆರಡಕ್ಕ ಆ ಮನುಷ್ಯ ಫೋನ್ ಮಾಡಿದ್ರು. ಬರಾಕ ಆಗಂಗಿಲ್ಲ, ಮನೀಗೆ ವಾಪಸ್ ಹೊಂಟೀನಿ ಅಂದ್ರು. ಹಾಳಿ ಕಳಿಸ್ತೇನಿ, ಸಹಿ ಮಾಡ್ರಿ ಅಂದೆ. 'ಕಣ್ಣಿಲೆ ನೋಡಲಾರದ ಪರೀಕ್ಷಾಕ್ಕ ನಾ ಸಹಿ ಮಾಡಂಗಿಲ್ಲ' ಅಂದುಬಿಟ್ರು. ಮೂವರು ಇಲ್ಲ ಅಂದ್ರ ಪರೀಕ್ಷಾನೇ ಆಗಿಲ್ಲ ಅಂತ ನಿಯಮ. ಹೊರಗಿನವರಿಲ್ಲದ ಶುರು ಮಾಡಿದವ ನಾನು. ನೋಟಿಸು ನನಗ ಬರ್ತದ."

"ಅದಕ್ಕ ಆ ಹುಡುಗಿ ಬಂದೇ ಇಲ್ಲ ಅಂತ ಬರದಿ."

"ನೀವ ಹೇಳಿಕೊಟ್ಟ ಉಪಾಯ ಅಲ್ಲೇನ್ರಿ ಮೌಶಿ? ಅರ್ಜಿ ಹಾಕಿಸ್ರಿ, ಮುಂದಿನ ತಿಂಗಳ ಮತ್ತ ಪರೀಕ್ಷಾ ಇಡ್ರಿ, ಯಾರ ತಲೀ ಮ್ಯಾಲೂ ಬರಂಗಿಲ್ಲ. ನೀವ ಅಂತಿದ್ರಿ."

ಹೌದು, ನಾನೇ ಅನ್ನುತ್ತಿದ್ದೆ. ಈ ವಯಸ್ಸಿನಲ್ಲಿ ಕೆನ್ನೆಗೆ ಹೊಡೆದರೂ ಇಷ್ಟು ನೋಯುತ್ತಿರಲಿಲ್ಲ.

"ಆಕಿ ಸತ್ತ ಮ್ಯಾಲಾದ್ರೂ ಖರೆ ಹೇಳಬಹುದಿತ್ತಲ್ಲೋ? ಹೆತ್ತವರು ಊರಾಗ ತಲಿ ಎತ್ತಿ ತಿರಗಾಡವಲ್ರು. ಮಗಳು ನಪಾಸಿಗೆ ಅಂಜಿ ಸತ್ತಳು ಅಂತ ಜನ ಅವರ ಮುಂದನ ಅಂತಾರ."

"ದಿನಾ ಅನ್ಕೋತೇನಿ, ಇವತ್ತು ಹೇಳ್ತೇನಿ, ಇವತ್ತು ಹೇಳ್ತೇನಿ." ಅವನು ಅಳುತ್ತಿದ್ದ. ನನಗೆ ಕನಿಕರ ಬರಲಿಲ್ಲ, ಬರಬಾರದೆಂದೇನೂ ಇರಲಿಲ್ಲ, ಬರಲಿಲ್ಲ ಅಷ್ಟೆ.

"ಸಹಿ ಹಾಕಾಕ ಆಕೀನ ವಾಪಸ್ ಕರದವರು ಯಾರು? ನೀನಾ?"

"ಅಲ್ಲ, ದೇವರಾಣಿ ಅಲ್ಲ. ನನಗ ಆಕಿ ಮುಂದ ಆ ಮಾತು ಆಡೋ ಮುಖ ಇರಲಿಲ್ಲ. ಒಂದು ಚೀಟಿ ಬರದು ಹೀನಾನ ಮೇಜಿನ ಮ್ಯಾಲ ಇಟ್ಟು ಬಂದೆ. ಅರ್ಜಿ ತಯಾರ ಮಾಡಿ ಹುಡುಗೀನ ಕರಸ್ರಿ ಅಂತ. ಹೀನಾನ ಕರದಿರಬೇಕು."

"ಹೀನಾ ಅವತ್ತು ರಜಾ ಇದ್ದಳು ವಿಠ್ಠಲ. ತಾಯಿಯ ಕಣ್ಣಿನ ಆಪರೇಷನ್. ಹಾಜರಿ ಪುಸ್ತಕ ನಾ ನೋಡೀನಿ."

ಅವನು ಬಾಯಿ ಬಿಟ್ಟು ನನ್ನನ್ನೇ ನೋಡಿದ. ಅದು ನಟನೆಯಾಗಿದ್ದರೆ ವಿಠ್ಠಲ ಮಾಸ್ತರಿಕೆ ಬಿಟ್ಟು ನಾಟಕ ಕಂಪನಿ ಸೇರಬಹುದಿತ್ತು. ಚೀಟಿ ಯಾರೋ ಎತ್ತಿಕೊಂಡಿದ್ದರು. ಅರ್ಜಿ ಯಾರೋ ಟೈಪು ಮಾಡಿದ್ದರು. ಫೋನು ಯಾರೋ ಮಾಡಿದ್ದರು.

ಆ 'ಯಾರೋ' ನಾಳೆಗೆ ಇರಲಿ ಅಂದುಕೊಂಡೆ. ಒಂದು ಹಾಳೆ ವಿಠ್ಠಲನ ಮುಂದೆ ತಳ್ಳಿದೆ. "ಬರಿ. ಹತ್ತೂವರೆಯಿಂದ ಹನ್ನೊಂದೂಕಾಲಿನ ತನಕ ಏನೇನಾತು, ಎಲ್ಲಾ ಬರಿ."

ಬರೆದ. ಕೊನೆಯ ಪ್ರಶ್ನೆಯವರೆಗೂ ಬರೆದ. ಆ ಕೊನೆಯ ಪ್ರಶ್ನೆ ಓದಿದಾಗ ನನ್ನ ಕನ್ನಡಕ ಮಸುಕಾಯಿತು.

ಕಮಲಾಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಆ ಹಾಳೆಯನ್ನು ಮಡಚಿ ಬಿಚ್ಚಿ ಮಡಚಿದೆ. ಮಧ್ಯಾಹ್ನದ ಬಿಸಿಲಿಗೆ ಸೀಟು ಸುಡುತ್ತಿತ್ತು. ಊರು ಹತ್ತಿರ ಬಂದಾಗ ಅವಳು ಲಾರಿಗೆ ಸಿಕ್ಕ ಆ ತಿರುವು ಕಂಡಿತು. ಯಾರೋ ಅಲ್ಲಿ ಕಲ್ಲಿಗೆ ಅರಿಶಿನ ಹಚ್ಚಿ ಹೋಗಿದ್ದರು. ನಾನು ಮುಖ ತಿರುಗಿಸಿಕೊಂಡೆ.

"ಶರಣ್ರೀ ಬಾಯಾರ," ಅಂದರು ದೌಲಪ್ಪ. ತೋಟದಿಂದ ಆಗಷ್ಟೇ ಬಂದಿದ್ದರು, ಕಾಲಿನ ಮಣ್ಣು ಒಣಗಿರಲಿಲ್ಲ. ಅವರ ಹೆಂಡತಿ ಶಾರದಾಬಾಯಿ ತಂಬಿಗೆ ನೀರು ತಂದಿಟ್ಟು ಗೋಡೆಗೊರಗಿ ಕೂತರು. ಮಗಳು ಹೋದ ಮೇಲೆ ಆಕೆ ಹೊರಗಿನವರ ಜೊತೆ ಮಾತೇ ಆಡಿಲ್ಲ, ಮನೆಯಲ್ಲೂ ಒಂದೆರಡು ಮಾತಷ್ಟೇ ಅಂತ ನಾನು ಹಿಂದೆ ಎರಡು ಸಲ ಬಂದಾಗಲೇ ದೌಲಪ್ಪ ಹೇಳಿದ್ದರು.

ಸುತ್ತಿ ಬಳಸಿ ಹೇಳುವುದು ನನ್ನ ಸ್ವಭಾವವಲ್ಲ. "ನಿಮ್ಮ ಮಗಳು ಪರೀಕ್ಷಾಕ್ಕ ಹೋಗಿದ್ಳು. ಪಾಸಾಗ್ಯಾಳ," ಅಂದೆ.

ದೌಲಪ್ಪ ಹಾಗೇ ನೆಲಕ್ಕೆ ಕೂತರು. "ಏನಂದ್ರಿ?"

ವಿಠ್ಠಲನ ಹಾಳೆ ಓದಿ ಹೇಳಿದೆ. ಅವಳ ವರದಿ ಗುಳಿಗೆಗಳ ಮೇಲಿತ್ತು. ನಿಧಾನವಾಗಿ ಕರಗಬೇಕಾದ ಬಿ.ಪಿ. ಗುಳಿಗೆಯನ್ನು ಹಳ್ಳಿಯ ಮುದುಕರು ಅರ್ಧ ಮುರಿದು ನುಂಗುತ್ತಾರೆ, ಮುರಿದರೆ ಇಡೀ ದಿನ ಕೆಲಸ ಮಾಡಬೇಕಾದ ಮದ್ದು ಒಮ್ಮೆಲೇ ಮೈಗಿಳಿಯುತ್ತದೆ ಅಂತ ಅಂಗಡಿಯ ಕೌಂಟರಿನಲ್ಲಿ ನಿಂತು ನೂರಾರು ಜನರನ್ನು ಕೇಳಿ ಬರೆದಿದ್ದಳು. ಕೊನೆಗೆ ವಿಠ್ಠಲ ಕೇಳಿದ್ದ, ಈ ವಿಷಯವನ್ನೇ ಯಾಕೆ ಆರಿಸಿಕೊಂಡೆ ಅಂತ.

"ಆಕಿ ಏನಂದಳು?" ದೌಲಪ್ಪ ಕೇಳಿದರು.

"'ನಮ್ಮಪ್ಪ ಮುರೀತಾನ್ರಿ ಸರ್. ಮಗಳು ಹೇಳಿದ್ರ ಕೇಳಂಗಿಲ್ಲ, ಮಾಸ್ಟರ್ ಡಿಗ್ರಿ ಹೇಳಿದ್ರ ಕೇಳ್ತಾನ' ಅಂದಳಂತ."

ದೌಲಪ್ಪ ನಕ್ಕರು. ನಗು ಅಲ್ಲೇ ಒಡೆದು ಅಳುವಾಯಿತು. ತಲೆಯ ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡು, ದೊಡ್ಡ ದನಿಯಲ್ಲಿ, ನೆರೆಮನೆಗೆ ಕೇಳುವಂತೆ ಅತ್ತರು. "ಈಗ ಇಡೀದು ನುಂಗ್ತೇನ್ರಿ ಬಾಯಾರ. ಆಕಿ ಹೋದ ಮರುದಿನದಿಂದ ಇಡೀದು ನುಂಗ್ತೇನಿ. ಯಾರಿಗೆ ತೋರಿಸಲಿ?"

ನನಗೂ ತಡೆಯಲಾಗಲಿಲ್ಲ. ಮೂವತ್ನಾಲ್ಕು ವರ್ಷ ಮಕ್ಕಳನ್ನು ನೋಂದಣಿ ಸಂಖ್ಯೆಗಳಿಂದ ಗುರುತಿಸಿದವಳು ನಾನು. ಈ ಒಂದು ಮಗುವಿನ ಮುಖವನ್ನು ಬದುಕಿದ್ದಾಗ ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

"ಹಂಗಾದ್ರ ತಾನಾಗೇ ಬಿದ್ದಿಲ್ಲ," ಅಂದರು ದೌಲಪ್ಪ ಕಣ್ಣೊರೆಸುತ್ತ. "ಮತ್ತ ಗಾಡಿ ಯಾಕ ತಿರುಗಿಸಿದಳು?"

"ನಾ ಹೇಳೀನಿ, ಅದಕ್ಕ ತಿರುಗಿಸಿದಳು."

ಮಾತಾಡಿದ್ದು ಶಾರದಾಬಾಯಿ. ದನಿ ಒಣಗಿತ್ತು, ಆದರೆ ನಡುಗುತ್ತಿರಲಿಲ್ಲ.

"ಏನಂದಿ?" ದೌಲಪ್ಪ ಹೆಂಡತಿಯ ಕಡೆ ತಿರುಗಿದರು.

"ಆವತ್ತು ನೀವು ತೋಟದಾಗಿದ್ರಿ. ಎರಡು ಸಲ ಫೋನ್ ಬಂತು. ಮೊದಲ ಸಲ, 'ಅವ್ವಾ, ಪಾಸಾದೆ, ಬರಾಕತ್ತೀನಿ, ಅಪ್ಪಗ ಹೇಳಬ್ಯಾಡ, ನಾನ ಹೇಳ್ತೇನಿ' ಅಂದಳು. ನಾ ಹೋಳಿಗಿಗೆ ಬ್ಯಾಳಿ ಇಟ್ಟೆ. ಆಮ್ಯಾಲ ಮತ್ತ ಮಾಡಿದಳು. ಊರ ಹಂತ್ಯಾಕ ಬಂದೀನಿ, ಆದ್ರ ಕಾಲೇಜಿನಿಂದ ಕರದಾರ, ಒಂದು ಸಹಿ ಉಳದದಂತ, ಈಗಲೇ ಬಾ ಅಂತಾರ, ನಾಳೆ ಹೋಗ್ಲೇನು ಅಂದಳು."

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

"ನಾ ಅಂದೆ, ನಾಕ ವರ್ಷ ಓದಿ ಒಂದು ಸಹಿಗೆ ಯಾಕ ಆಲಸ್ಯ ಮಾಡ್ತಿ, ಹೋಗವ್ವಾ, ಹೋಗಿ ಬಾ, ಹೋಳಿಗಿ ಬಿಸಿ ಇರ್ತಾವ ಅಂದೆ. ಹೂಂ ಅಂದಳು. ತಿರುಗಿದಳು. ನಾನ ಕಳಿಸಿದೆ. ಈ ಬಾಯಿಲೆ ಹೇಳಿ ಕಳಿಸಿದೆ."

ನಾನು ಎದ್ದು ಹೋಗಿ ಆಕೆಯ ಪಕ್ಕ ಕೂತೆ. ಭುಜದ ಮೇಲೆ ಕೈಯಿಟ್ಟು, "ಅದು ನಿಮ್ಮ ತಪ್ಪಲ್ಲ ತಾಯಿ. ಯಾವ ತಾಯಿ ಇದ್ರೂ ಹಂಗ ಅಂತಿದ್ಳು," ಅಂದೆ. "ಕಾಲೇಜಿನಿಂದ ಕರದವರು ಯಾರು ಅಂತ ಏನರೆ ಹೇಳಿದ್ಳೇನು? ಗಂಡಸಾ, ಹೆಂಗಸಾ?"

"ಹೆಂಗಸು. ಹೆಸರೂ ಹೇಳಿದ್ಳು."

ಆಕೆ ನನ್ನ ಕೈಯನ್ನು ಮೆಲ್ಲಗೆ ತನ್ನ ಭುಜದಿಂದ ತೆಗೆದು ನೆಲದ ಮೇಲಿಟ್ಟರು.

"ಇವರನ್ನ ನಿಮ್ಮ ಮನೀಗೆ ಕಳಿಸಿದಾಕಿ ನಾನು. ಪತ್ತೆ ಹಚ್ಚಲಿ ಅಂತಲ್ಲ. ಒಂದು ಸಲ ಈ ಮನೀಗೆ ಬರಲಿ, ಕಣ್ಣಾಗ ಕಣ್ಣಿಟ್ಟು ನೋಡಬೇಕು ಅಂತ. ಮೂರು ಸಲ ಬಂದ್ರಿ, ನೀರು ಕುಡದ್ರಿ, ಒಂದು ಸಲನೂ ನಿಮ್ಮ ಮುಖದಾಗ ನನಗ ಏನೂ ಕಾಣಸಲಿಲ್ಲ." ಶಾರದಾಬಾಯಿಯ ಕಣ್ಣಲ್ಲಿ ಈಗಲೂ ನೀರಿರಲಿಲ್ಲ. "'ಪರೀಕ್ಷಾ ವಿಭಾಗದ ಸರಸ್ವತೀಬಾಯಿ ಮಾತಾಡಾಕತ್ತೀನಿ' ಅಂದ್ರಂತ. ಆ ಬಾಯಾರು ಕರದ್ರ ಕಾಲೇಜಿನಾಗ ಯಾರೂ ಇಲ್ಲ ಅನ್ನಂಗಿಲ್ಲವ್ವಾ ಅಂದಳು ನನ್ನ ಮಗಳು. ಹೇಳ್ರಿ. ಊರಿಗೆ ಬಂದಿದ್ದ ಕೂಸನ್ನ ಯಾಕ ಹಿಂದಕ್ಕ ಕರದ್ರಿ?"

ನಾನು ಕರೆದಿರಲಿಲ್ಲ, ನನ್ನ ಹೆಸರು ಹೇಳಿ ಬೇರೆ ಯಾರೋ ಕರೆದಿದ್ದರು. ಅದನ್ನು ಹೇಳಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ದೌಲಪ್ಪ ಎದ್ದು ಹೋಗಿ ಒಳಗಿನಿಂದ ಬಾಗಿಲ ಅಗಳಿ ಹಾಕಿದರು.